ಹಳೆಯ ಐಪ್ಯಾಡ್‌ಗೆ ಹೊಸ ಆವೃತ್ತಿ

ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯಲ್ಲಿರುವ ಐಪ್ಯಾಡ್ 2019ರಲ್ಲಿ ಬಂದ ಏಳನೆಯ ತಲೆಮಾರಿನದು, 32 ಜಿಬಿ ಸಂಗ್ರಹದ್ದು. ಅದಕ್ಕೆ ಐಪ್ಯಾಡನ್ನು ನಡೆಸುವ ತಂತ್ರಾಂಶದ ಆವೃತ್ತಿಯಾದ ಐಪ್ಯಾಡ್‌ಓಎಸ್ 18ನ್ನು ಅಳವಡಿಸಲು ಹೊರಟಾಗ ಮೊದಲು ಎದುರಾದ ತೊಡಕು ಜಾಗದ ಕೊರತೆ. ಯಕ್ಷಗಾನದ ವಿಡಿಯೋಗಳಲ್ಲಿ ಒಂದನ್ನೂ ಅಳಿಸದೆ ಕೂಡಿಟ್ಟವನು ನಾನೇ ಆದ್ದರಿಂದ ದೂರಲು ಬೇರೆ ಯಾರೂ ಇರಲಿಲ್ಲ. ವೈಫೈ ಮೂಲಕ ನೇರವಾಗಿ ನವೀಕರಿಸುವಾಗ ಇಳಿಸಿಕೊಂಡ ಕಡತಕ್ಕೂ ಅದನ್ನು ಬಿಡಿಸಿಕೊಳ್ಳುವುದಕ್ಕೂ ಸಾಧನದೊಳಗೇ ಜಾಗ ಬೇಕು. ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿದರೆ ಕಡತ ಕಂಪ್ಯೂಟರಿಗೇ ಇಳಿಯುವುದರಿಂದ ಸಾಧನದಲ್ಲಿ ಅಷ್ಟು ಜಾಗ ಬೇಕಾಗುವುದಿಲ್ಲ. ನಾನು ಎರಡನೆಯ ದಾರಿ ಹಿಡಿದೆ.

ಅದಕ್ಕೂ ಮೊದಲು ಪೂರ್ತಿ ಬ್ಯಾಕಪ್ ತೆಗೆದಿಟ್ಟೆ. ಆಪಲ್ ಹಳೆಯ ಆವೃತ್ತಿಗಳಿಗೆ ಡಿಜಿಟಲ್ ಸಹಿ ಹಾಕುವುದನ್ನು ಕೆಲಕಾಲದ ಬಳಿಕ ನಿಲ್ಲಿಸುತ್ತದೆ. ಸಹಿಯಿಲ್ಲದ ಆವೃತ್ತಿಯನ್ನು ಸಾಧನ ಸ್ವೀಕರಿಸದ ಕಾರಣ, ಮುಂದೆ ಹೋದವರಿಗೆ ಹಿಂದಿರುಗುವ ದಾರಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಆಟಿ ತಿಂಗಳ ಗಾಳಿಮಳೆಗೆ ಅಡಿಕೆಯ ಕಂಗು ತಂತಿಯ ಮೇಲೆ ಬಿದ್ದು ಕರೆಂಟು ಹೋಗುವ ಊರು ನಮ್ಮದು. ಹಾಗಾಗಿ ಮೇಜಿನ ಕಂಪ್ಯೂಟರನ್ನು ಬಿಟ್ಟು, ಬ್ಯಾಟರಿ ತುಂಬಿದ ಲ್ಯಾಪ್‌ಟಾಪನ್ನೇ ಬಳಸಿದೆ.

ಕೆಲಸ ಮುಗಿದಾಗ ಕನ್ನಡ, ಮಲಯಾಳಂ ಕೀಲಿಮಣೆಗಳೆರಡೂ ಮೊದಲಿನಂತೆಯೇ ಇದ್ದವು.

“ಇನ್ನು ಇದಕ್ಕೆ ಹೊಸತು ಬರುವುದುಂಟಾ?” ಎಂದು ಅಪ್ಪ ಕೇಳಿದರು. 2025ರಲ್ಲಿ ಬಂದ ಐಪ್ಯಾಡ್‌ಓಎಸ್ 26ಕ್ಕೆ ಎಂಟನೆಯ ತಲೆಮಾರಿನ ಅಥವಾ ಅದರ ನಂತರದ ಐಪ್ಯಾಡ್ ಬೇಕು. ಎ10 ಚಿಪ್‌ನ ನಮ್ಮದು ಆ ಪಟ್ಟಿಯಲ್ಲಿಲ್ಲ. ಓದಲು, ಯಕ್ಷಗಾನ ನೋಡಲು ಅಪ್ಪನಿಗೆ ಇಷ್ಟೇ ಧಾರಾಳ ಎಂದುಕೊಂಡು ಕೇಬಲ್ ಸುತ್ತಿಟ್ಟೆ.