ಮೊದಲು ಬೋರ್ಡು, ಆಮೇಲೆ ನೀರು

ಶಿರಾಡಿ ಘಾಟಿಯಲ್ಲಿ ಕೆಮಿಕಲ್ ಟ್ಯಾಂಕರ್ ಮಗುಚಿದೆ ಅಂದ ಕೂಡಲೇ ವಾಟ್ಸಾಪಿಗೆ ವಿಡಿಯೊ ಬಂದು ಬೀಳುತ್ತದೆ. ಅದೂ ತೀರಾ ಹತ್ತಿರ ನಿಂತು ತೆಗೆದದ್ದು. ಹಿಂದಿನಿಂದ ಯಾರಾದರೊಬ್ಬರು "ನೀರು ಹಾಕಿ, ಬೇಗ ನೀರು ಹಾಕಿ" ಎಂದು ಕೂಗುತ್ತಿರುತ್ತಾರೆ. ಆ ಕೂಗು ಕೇಳಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಟ್ಯಾಂಕಿನೊಳಗೆ ಏನಿದೆ ಅಂತ ಅಲ್ಲಿ ಯಾರೂ ನೋಡಿರುವುದಿಲ್ಲ.

ಬೈಕಂಪಾಡಿ ಕಡೆ ಒಂದು ಸಾಲ್ವೆಂಟ್ ಗೋದಾಮಿನ ಸೇಫ್ಟಿ ವಿಭಾಗದಲ್ಲಿ ಬಹಳ ಕಾಲ ಇದ್ದವನು ನಾನು. ಈಗ ಅಪಾಯಕಾರಿ ಸರಕು ಸಾಗಿಸುವ ಡ್ರೈವರುಗಳಿಗೆ ಪಾಠ ಹೇಳುತ್ತೇನೆ. ಲೈಸೆನ್ಸಿನಲ್ಲಿ ಆ ಅನುಮತಿ ಬೇಕಾದರೆ 3 ದಿನದ ತರಬೇತಿ ಆಗಲೇಬೇಕು. ಆ 3 ದಿನದಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಟ್ಯಾಂಕರಿನ ಎರಡು ಪಕ್ಕದಲ್ಲೂ ಹಿಂಬದಿಯಲ್ಲೂ ಬರೆದಿರುವ ಬೋರ್ಡಿನ ಮುಂದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಅದನ್ನು ಕಡ್ಡಾಯ ಮಾಡಿವೆ. ಅಲ್ಲಿ ಸರಕಿನ ಹೆಸರಿರುತ್ತದೆ, ಆ ಸರಕನ್ನು ಗುರುತಿಸುವ ನಾಲ್ಕಂಕಿಯ ಯುಎನ್ ನಂಬರ್ ಇರುತ್ತದೆ, ತುರ್ತಿಗೆ ಕರೆಯಬೇಕಾದ ಫೋನ್ ಇರುತ್ತದೆ, ಜೊತೆಗೆ ಹ್ಯಾಜ್‌ಕೆಮ್ ಎಂಬ, ಅವಘಡವಾದರೆ ಏನು ಮಾಡಬೇಕೆಂದು ಹೇಳುವ ಪುಟ್ಟ ಸಂಕೇತ.

ಪೇಂಟ್, ಥಿನ್ನರ್ ಕಂಪನಿಗಳಿಗೆ ಹೋಗುವ ಟಾಲ್ಯುವೀನನ್ನೇ ನೋಡಿ. ನಂಬರು 1294, ಸಂಕೇತ 3ವೈಇ. 3 ಅಂದರೆ ಬೆಂಕಿ ಆರಿಸಲು ನೊರೆ ಬಳಸಿ. 1 ಇದ್ದಿದ್ದರೆ ದಪ್ಪ ಹನಿಯ ನೀರು, 2 ಆಗಿದ್ದರೆ ಮಂಜಿನಂಥ ನೀರು, 4 ಆಗಿದ್ದರೆ ನೀರು ಸೋಕಿಸಲೇಬೇಡಿ, ಒಣ ಪುಡಿ. ಮಧ್ಯದ ಅಕ್ಷರ ಪಿ, ಆರ್, ಎಸ್, ಟಿಗಳಲ್ಲಿ ಒಂದಾದರೆ ಚೆಲ್ಲಿದ್ದನ್ನು ಧಾರಾಳ ನೀರು ಬಿಟ್ಟು ತೆಳುಮಾಡಬಹುದು. ಡಬ್ಲ್ಯೂ, ಎಕ್ಸ್, ವೈ, ಝಡ್ ಆದರೆ ಚರಂಡಿಗೂ ಹೊಳೆಗೂ ಹೋಗದಂತೆ ತಡೆದು ನಿಲ್ಲಿಸಬೇಕು. ಕೊನೆಯ ಇ ಇದ್ದರೆ ಸುತ್ತಲಿನ ಜನರನ್ನು ತೆರವು ಮಾಡುವ ಯೋಚನೆ ಮಾಡಿ ಎಂದರ್ಥ. ಮೂರೇ ಅಕ್ಷರ, ಅಗ್ನಿಶಾಮಕ ಗಾಡಿ ಇಳಿಯುವ ಮೊದಲು ತಿಳಿಯಬೇಕಾದದ್ದು ಮುಕ್ಕಾಲು ಪಾಲು ಅದರಲ್ಲಿದೆ.

ಟಾಲ್ಯುವೀನ್ ನೀರಿಗಿಂತ ಹಗುರ. ಉರಿಯುತ್ತಿರುವಾಗ ಪೈಪಿನಿಂದ ನೀರು ಬಿಟ್ಟರೆ ಬೆಂಕಿ ನೀರಿನ ಮೇಲೆ ತೇಲಿಕೊಂಡು ಮುಂದಿನ ತಿರುವಿಗೂ ಹೋಗುತ್ತದೆ. ಅದರ ಆವಿ ಗಾಳಿಗಿಂತ ಭಾರ, ಕಣ್ಣಿಗೆ ಕಾಣದೆ ಇಳಿಜಾರು ಹಿಡಿದು ಇಳಿಯುತ್ತದೆ. ಕೆಳಗಿನ ಹೋಟೆಲಿನ ಒಲೆ ಸಿಕ್ಕರೆ ಅಲ್ಲಿಂದ ಟ್ಯಾಂಕರಿನವರೆಗೂ ಹಿಂದಕ್ಕೆ ಹೊತ್ತಿಕೊಂಡು ಬರುತ್ತದೆ. 2013ರ ಏಪ್ರಿಲ್‌ನಲ್ಲಿ ಪೆರ್ನೆಯಲ್ಲಿ ಉರುಳಿದ್ದು ಗ್ಯಾಸ್ ಟ್ಯಾಂಕರ್, ಸರಕು ಬೇರೆ. ಆದರೆ ಅಲ್ಲಿ ರಸ್ತೆ ಬದಿಯ ಮನೆಗಳಲ್ಲಿದ್ದವರೇ ಬೆಂದುಹೋದದ್ದು ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. ಸೋರಿದರೆ ಕನಿಷ್ಠ 50 ಮೀಟರ್ ದೂರ, ಟ್ಯಾಂಕರಿಗೇ ಬೆಂಕಿ ತಗುಲಿದ್ದರೆ ಎಲ್ಲ ದಿಕ್ಕಿಗೂ 800 ಮೀಟರ್. ಈ ಕೆಲಸದವರು ಹಿಡಿದು ನಡೆಯುವ ಲೆಕ್ಕ ಅದು. ನಿಲ್ಲುವುದು ಗಾಳಿ ಬರುವ ಕಡೆ, ಏರಿನ ಕಡೆ.

ಮೆಥನಾಲ್ ಎಂಬ ಆಲ್ಕೋಹಾಲ್ ಇನ್ನೊಂದು ಬಗೆ. ನಂಬರು 1230. ನೀರಿನಲ್ಲಿ ಪೂರ್ತಿ ಬೆರೆಯುತ್ತದೆ, ಹಾಗಾಗಿ ಸಾದಾ ನೊರೆ ಅದರ ಮೇಲೆ ಬಿದ್ದೊಡನೆ ಕರಗಿಹೋಗುತ್ತದೆ. ಆಲ್ಕೋಹಾಲ್ ತಾಳುವ ಬೇರೆಯದೇ ನೊರೆ ಬೇಕು. ಹಗಲು ಬಿಸಿಲಿನಲ್ಲಿ ಅದರ ಜ್ವಾಲೆ ಕಾಣುವುದೇ ಇಲ್ಲ ಅನ್ನಬೇಕು, ಬಿಸಿ ತಟ್ಟಿದ ಮೇಲೆ ಬೆಂಕಿ ಇದೆ ಎಂದು ಗೊತ್ತಾಗುತ್ತದೆ. ಹೊಟ್ಟೆಗೆ ಹೋದರೆ ಕಣ್ಣಿನ ನರವನ್ನೇ ಸುಡುತ್ತದೆ.

ಇದನ್ನು ಯಾಕೆ ಹೇಳಿದೆನೆಂದರೆ, ಒಮ್ಮೆ ನಮ್ಮ ಗೇಟಿಗೆ ಬಂದ ಟ್ಯಾಂಕರಿನ ಬೋರ್ಡಿನಲ್ಲಿ 1294 ಇತ್ತು, ಡ್ರೈವರ್ ಕೈಯ ಕಾಗದದಲ್ಲಿ ಮೆಥನಾಲ್. ಹಿಂದಿನ ಟ್ರಿಪ್ಪಿನ ನಂಬರನ್ನು ಸಾಗಣೆದಾರರು ಒರೆಸಿರಲಿಲ್ಲ. "ಬಣ್ಣ ಒಣಗುವಷ್ಟು ಟೈಮ್ ಕೊಡಲಿಲ್ಲ ಸರ್" ಅಂದ ಡ್ರೈವರ್. ಆ ಗಾಡಿ ಘಾಟಿಯಲ್ಲಿ ಮಗುಚಿದ್ದರೆ, ಬೋರ್ಡು ನಂಬಿ ಸಾದಾ ನೊರೆ ಹೊತ್ತು ಹತ್ತಿರ ಹೋಗುವ ಹುಡುಗರ ಗತಿ ಏನು? ಅಂಥ ಸಾಗಣೆದಾರರ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಫೀನಾಲ್ ಬಗ್ಗೆಯೂ ಹೇಳಿಬಿಡುತ್ತೇನೆ. 41 ಡಿಗ್ರಿಗೆ ಕರಗುತ್ತದೆ, ಟ್ಯಾಂಕರಿನಲ್ಲಿ ಬಿಸಿ ದ್ರವವಾಗಿ ಸಾಗುತ್ತದೆ. ಹೋಸ್ ಬಿಚ್ಚುವಾಗ ಕ್ಲೀನರ್ ಹುಡುಗನೊಬ್ಬನ ಮುಂಗೈಗೆ ಸಿಡಿಯಿತು. ಚರ್ಮ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. "ನೋವೇ ಇಲ್ಲ" ಎಂದು ನಗುತ್ತಿದ್ದ. ನೋವಿಲ್ಲದಿರುವುದೇ ಗಂಡಾಂತರ. ಫೀನಾಲ್ ನರವನ್ನು ಮರಗಟ್ಟಿಸಿ ಚರ್ಮದ ಮೂಲಕ ರಕ್ತ ಸೇರುತ್ತದೆ, ಹೃದಯಕ್ಕೆ ಹೊಡೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ, ಸ್ವಲ್ಪ ನೀರು ಚಿಮುಕಿಸಿದರೆ ಇನ್ನಷ್ಟು ಹರಡಿ ಒಳಗಿಳಿಯುತ್ತದೆ. ಬಟ್ಟೆ ಕಿತ್ತೆಸೆದು ಶವರಿನ ಕೆಳಗೆ ನಿಲ್ಲಿಸಿ ಧಾರೆಧಾರೆಯಾಗಿ ನೀರು ಬಿಡಬೇಕು, ಪಾಲಿಎಥಿಲೀನ್ ಗ್ಲೈಕಾಲ್ ಇದ್ದರೆ ಅದರಲ್ಲಿ ಒರೆಸಬೇಕು. ಹುಡುಗನನ್ನು ಎಳೆದುಕೊಂಡೇ ಹೋಗಿ ನಿಲ್ಲಿಸಿದೆವು. ಬದುಕಿದ.

ಘಾಟಿಯ ಮಾತಿಗೆ ಬರೋಣ. ಬೆಂಕಿಯಿಲ್ಲದೆ ಬರೀ ಚೆಲ್ಲಿದ್ದರೆ, ಟ್ರಾಫಿಕ್ ಬಿಡಬೇಕೆಂಬ ಅವಸರಕ್ಕೆ ರಸ್ತೆಯನ್ನು ನೀರಲ್ಲಿ ತೊಳೆದುಬಿಡಿ ಎಂಬ ಒತ್ತಾಯ ಬಂದೇ ಬರುತ್ತದೆ. ತೊಳೆದ ನೀರು ಎಲ್ಲಿಗೆ? ರಸ್ತೆಯ ಪಕ್ಕದಲ್ಲೇ ಕೆಂಪುಹೊಳೆ. ಅಲ್ಲಿಂದ ಗುಂಡ್ಯ ಹೊಳೆ, ಕುಮಾರಧಾರಾ, ಉಪ್ಪಿನಂಗಡಿಯಲ್ಲಿ ನೇತ್ರಾವತಿ, ಆಮೇಲೆ ತುಂಬೆ ಅಣೆಕಟ್ಟು. ತುಂಬೆಯ ನೀರೇ ಮಂಗಳೂರಿನ ನಲ್ಲಿಗಳಲ್ಲಿ ಬರುವುದು. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಆರಿಸಿದ ನೀರು ಕೀಟನಾಶಕಗಳನ್ನೂ ಬಣ್ಣವನ್ನೂ ಹೊತ್ತು ರೈನ್ ನದಿಗಿಳಿಯಿತು. ನದಿ ಕೆಂಪಾಯಿತು, ಹಾವುಮೀನುಗಳು ರಾಶಿರಾಶಿ ಸತ್ತವು. ಬೆಂಕಿ ಆರಿಸಿದ ನೀರನ್ನು ಹಿಡಿದಿಡುವ ತೊಟ್ಟಿಗಳ ಮಾತಿಗೆ ಯುರೋಪಿನಲ್ಲಿ ಬಲ ಬಂದದ್ದು ಆಮೇಲೆ.

ಆದ್ದರಿಂದ ಅಗ್ನಿಶಾಮಕದವರು ಕೆಲವೊಮ್ಮೆ ಚೆಲ್ಲಿದ್ದನ್ನು ಉರಿದು ಮುಗಿಯಲು ಬಿಟ್ಟು, ಪಕ್ಕದ ಗಾಡಿಗಳನ್ನಷ್ಟೇ ತಂಪಾಗಿಡುತ್ತಾರೆ. ಇನ್ನು ಕೆಲವೊಮ್ಮೆ ಮೋರಿಗೆ ಮಣ್ಣು ತುಂಬುತ್ತಾ ಇರುತ್ತಾರೆ. "ಸುಮ್ಮನೆ ನಿಂತಿದ್ದಾರೆ" ಎಂದು ದಯವಿಟ್ಟು ಬೈಯಬೇಡಿ.

ನೀವು ಆ ರಸ್ತೆಯಲ್ಲಿದ್ದರೆ ದೂರದಿಂದಲೇ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಆ ನಾಲ್ಕಂಕಿ ಓದಿ. 112ಕ್ಕೆ ಕರೆ ಮಾಡಿ ನಂಬರು, ಕಿಲೋಮೀಟರ್ ಕಲ್ಲು, ಹೊಳೆ ಯಾವ ಕಡೆಗಿದೆ, ಇಷ್ಟು ಹೇಳಿ. ಡ್ರೈವರ್ ಎದ್ದು ನಡೆಯುವಂತಿದ್ದರೆ ಅವನನ್ನು ಪೊಲೀಸರು ಬರುವವರೆಗೆ ಹೊಡೆಯದೆ ಉಳಿಸಿಕೊಳ್ಳಿ, ಸರಕಿನ ಅಪಾಯ, ತುರ್ತಿಗೆ ಮಾಡಬೇಕಾದದ್ದು ಬರೆದಿರುವ ಕ್ಯಾಬಿನ್ನಿನ ಟ್ರೆಮ್ ಕಾರ್ಡ್ ಎಲ್ಲಿದೆ ಎಂದು ಗೊತ್ತಿರುವುದು ಅವನಿಗೆ. ಇನ್ನು ಆಡಳಿತದವರಲ್ಲಿ ನನ್ನ ಬೇಡಿಕೆ: ಘಾಟಿಯ ಬುಡದಲ್ಲಿ, ಗುಂಡ್ಯದಲ್ಲಿ ಮರಳಿನ ಚೀಲ, ಮೋರಿ ಮುಚ್ಚುವ ಹಲಗೆ, ಎರಡೂ ಬಗೆಯ ನೊರೆಯ ಡ್ರಮ್ಮು ವರ್ಷವಿಡೀ ಇರಲಿ. ಮಗುಚಿದ ಸುದ್ದಿ ಹೋಗುವ ಮೊದಲ ನಾಲ್ಕೈದು ಕರೆಗಳಲ್ಲಿ ಒಂದು ತುಂಬೆಯ ಪಂಪ್‌ಹೌಸಿಗೆ ಹೋಗಲಿ.