ಲೆಹರಾ ಹಿಡಿದ ಜಾಝ್ ಪಿಯಾನೋ ವಾದಕ

ಮಾಟುಂಗಾದ ನಮ್ಮ ಮನೆಯಲ್ಲಿ ನಾನು ತಬಲಾ ಅಭ್ಯಾಸಕ್ಕೆ ಕುಳಿತಾಗಲೆಲ್ಲ ಅಣ್ಣ ಹಾರ್ಮೋನಿಯಂನಲ್ಲಿ ಲೆಹರಾ, ಅಂದರೆ ತಾಳದ ಆವರ್ತನ ತೋರಿಸುವ ಸ್ವರಸಾಲು, ಹಿಡಿಯುತ್ತಿದ್ದ. ತೀನ್‌ತಾಲದ ಹದಿನಾರು ಮಾತ್ರೆಗಳ ಒಂದೇ ಸ್ವರಸಾಲನ್ನು ಮುಕ್ಕಾಲು ಗಂಟೆ ಲಯ ಅಲುಗದಂತೆ ನುಡಿಸುವುದು ಎಂಥ ಶ್ರಮದ ಕೆಲಸವೆಂಬುದು ಅವನ ಹಣೆಯ ಬೆವರಿನಿಂದ ನನಗೆ ತಿಳಿಯಿತು. ಅಮೆರಿಕದ ಜಾಝ್ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ 1973ರ ‘ಹೆಡ್ ಹಂಟರ್ಸ್’ ಆಲ್ಬಮ್ಮನ್ನು ಮೊದಲ ಸಲ ಕೇಳಿದಾಗ ನೆನಪಾದದ್ದು ಆ ಹಾರ್ಮೋನಿಯಂ.

ಹನ್ನೊಂದನೆಯ ವಯಸ್ಸಿನಲ್ಲೇ ಷಿಕಾಗೋ ಸಿಂಫನಿಯೊಂದಿಗೆ ಮೊಝಾರ್ಟ್ ನುಡಿಸಿದ, 1963ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡ ಸೇರಿ ಜಾಝ್ ಪಿಯಾನೋಗೆ ಹೊಸ ದಾರಿ ತೋರಿದ ಈ ಕಲಾವಿದರು, ಆ ಆಲ್ಬಮ್ಮಿನ, ಹದಿನೈದು ನಿಮಿಷ ಮೀರುವ ‘ಕಮೀಲಿಯನ್’ ಅನ್ನು ಎಂಟು ಮಾತ್ರೆಗಳ ಒಂದು ಬೇಸ್ ಸಾಲಿನಿಂದ ಆರಂಭಿಸುತ್ತಾರೆ. ಎಆರ್‌ಪಿ ಒಡಿಸ್ಸಿ ಸಿಂಥಸೈಜರಿನಲ್ಲಿ ಅದನ್ನು ನುಡಿಸಿದವರೂ ಅವರೇ. ಮೇಳದ ನಾಯಕನೇ ಲೆಹರಾ ಹಿಡಿದು ಕುಳಿತ ಹಾಗೆ. ಆ ಸಾಲಿನ ಬೆನ್ನಿಗೆ ಹಾರ್ವಿ ಮೇಸನ್ ಅವರ ಡ್ರಮ್ಸ್ ಸೇರುತ್ತದೆ. ಗಿಟಾರೇ ಇಲ್ಲದ ಈ ಆಲ್ಬಮ್ಮಿನಲ್ಲಿ ಗಿಟಾರಿನ ಕೆಲಸವನ್ನು ಕ್ಲಾವಿನೆಟ್ ಎಂಬ ಎಲೆಕ್ಟ್ರಿಕ್ ಕೀಬೋರ್ಡ್ ಮಾಡುತ್ತದೆ.

ಈ ಎಲೆಕ್ಟ್ರಿಕ್ ಸಂಗೀತವನ್ನು ಮಾರುಕಟ್ಟೆಗೆ ಶರಣಾದದ್ದೆಂದು ಹಳಿದವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಳೆಯ ಸಂಗಡಿಗರೊಡನೆ ವಿ.ಎಸ್.ಒ.ಪಿ. ತಂಡ ಕಟ್ಟಿ ಅದೇ ದಶಕದಲ್ಲಿ ಅವರು ಅಕೌಸ್ಟಿಕ್ ಜಾಝ್ ನುಡಿಸುತ್ತಲೂ ಇದ್ದರು. ಆದರೆ ಎಲೆಕ್ಟ್ರಿಕ್ ಹಾದಿಯಲ್ಲಿ ಅವರು ಮಾಡಿದ್ದೆಲ್ಲವೂ ಒಂದೇ ತೂಕದ್ದೆಂದು ನಾನು ಹೇಳಲಾರೆ. ಕಂಠವನ್ನು ಯಂತ್ರದ ದನಿಯಾಗಿಸುವ ವೊಕೋಡರ್ ಮೂಲಕ ಹಾಡಿದ 1978ರ ‘ಸನ್‌ಲೈಟ್’ ಆಲ್ಬಮ್ ನನಗೆ ತೆಳುವೆನಿಸುತ್ತದೆ; ಅಲ್ಲಿ ಲಯ ಬರಿಯ ಹಾಸಿಗೆಯಾಗಿ ಉಳಿಯಿತು.

1983ರ ‘ರಾಕಿಟ್’ನಲ್ಲಿ ಲಯ ಮತ್ತೆ ಯಜಮಾನನಾಯಿತು. ಬಿಲ್ ಲಾಸ್ವೆಲ್ ಮತ್ತು ಮೈಕೆಲ್ ಬೈನ್‌ಹಾರ್ನ್ ಕಟ್ಟಿಕೊಟ್ಟ ತಾಳದ ನೆಲೆಯಲ್ಲಿ ಡ್ರಮ್ ಮಷೀನಿನ ಜೊತೆಗೆ, ನಮ್ಮ ಮೃದಂಗದ ಹಾಗೆ ಎರಡು ಮುಖಗಳುಳ್ಳ ಕ್ಯೂಬಾದ ಬಾಟಾವನ್ನು ಡೇನಿಯಲ್ ಪೊನ್ಸೆ ನುಡಿಸಿದ್ದಾರೆ. ಅದರ ಮೇಲೆ ಡಿಜೆ ಗ್ರ್ಯಾಂಡ್ ಮಿಕ್ಸರ್ ಡಿ.ಎಸ್‌ಟಿ. ರೆಕಾರ್ಡನ್ನು ಹಿಂದೆ ಮುಂದೆ ತಳ್ಳುತ್ತಾರೆ. ಅಮ್ಮ ಮೆತ್ತನೆಯ ಬಟ್ಟೆಯಲ್ಲಿ ಒರೆಸಿಡುತ್ತಿದ್ದ ರೆಕಾರ್ಡುಗಳಿಗೆ ಬೆರಳು ತಾಗಿಸುವುದೇ ಅಪರಾಧವಾಗಿದ್ದ ಮನೆಯಲ್ಲಿ ಬೆಳೆದ ನಾನು ಆ ಸದ್ದಿಗೆ ಮೊದಲು ಬೆಚ್ಚಿದ್ದೆ. ಗಮನವಿಟ್ಟು ಕೇಳಿದಾಗ ಅದು ಪರಿಚಿತವೆನಿಸಿತು: ಎಡಗೈಯಿಂದ ‘ಘೆ’ ನುಡಿಸಿ, ಮಣಿಕಟ್ಟನ್ನು ಒತ್ತಿ ಮುಂದಕ್ಕೆ ಜಾರಿಸಿದರೆ ಬಾಂಯಾದ, ಅಂದರೆ ತಬಲಾ ಜೋಡಿಯ ಎಡ ವಾದ್ಯದ, ನಾದ ಹೇಗೆ ಬಾಗಿ ಏರುತ್ತದೆಯೋ ಹಾಗೆಯೇ ಇಲ್ಲಿಯೂ ಕೈಯ ಚಲನೆಯಿಂದಲೇ ಸ್ವರ ಹುಟ್ಟುತ್ತಿತ್ತು. ‘ರಾಕಿಟ್’ಗೆ 1984ರಲ್ಲಿ ಗ್ರ್ಯಾಮಿ ಸಂದಿತು.

ಕಳೆದ ದೀಪಾವಳಿಗೆ ಅಣ್ಣ ಬಂದಾಗ ಅವನಿಗೆ ‘ಕಮೀಲಿಯನ್’ ಕೇಳಿಸಿದೆ. ಮೊಣಕಾಲಿನ ಮೇಲೆ ಬೆರಳೆಣಿಸುತ್ತಿದ್ದವನು “ಸಮ್ ಎಲ್ಲಿದೆ?” ಎಂದು ಕೇಳಿದ; ಸಾಲು ಸಮಕ್ಕಿಂತ, ಅಂದರೆ ಆವರ್ತನದ ಮೊದಲ ಮಾತ್ರೆಗಿಂತ ಮೊದಲೇ, ಸಮಕ್ಕೆ ಕರೆದೊಯ್ಯುವ ಮುಖಡಾದ ಹಾಗೆ, ಎತ್ತಿಕೊಳ್ಳುವುದರಿಂದ ಅವನ ಎಣಿಕೆ ತಪ್ಪುತ್ತಿತ್ತು. ನಾಲ್ಕನೆಯ ಆವರ್ತನಕ್ಕೆ ಸಿಕ್ಕಿತು. ಹಾರ್ಮೋನಿಯಂ ತೆರೆದು, ಐದನೆಯ ಕಪ್ಪು ಮನೆಯನ್ನು ಷಡ್ಜವಾಗಿಸಿ, ಅವನು ಆ ಸಾಲನ್ನೇ ಹಿಡಿದ. ನಾನು ಸುತ್ತಿಗೆ ಹುಡುಕಿ ತಬಲಾದ ಶ್ರುತಿ ಏರಿಸತೊಡಗಿದೆ.