ದನದ ಹೊಟ್ಟೆಯಲ್ಲಿ ತೆಪ್ಪಗಿರುವ ಹುಳು, ಕುರಿಯ ಸೊಂಟ ಬೀಳಿಸುವುದೇಕೆ?

ಕೊಯ್ಲು ಮುಗಿದ ಗದ್ದೆಗೆ ಗೊಬ್ಬರಕ್ಕೆಂದು ಚಳ್ಳಕೆರೆ, ಹಿರಿಯೂರು ಕಡೆಯ ಕುರಿಮಂದೆಗಳನ್ನು ದಾವಣಗೆರೆಯ ಭದ್ರಾ ನಾಲೆ ಬಯಲಿನಲ್ಲಿ ನಿಲ್ಲಿಸುತ್ತಾರೆ. ಅಲ್ಲಿ ನಿಂತ ನೀರಿದೆ, ಪಕ್ಕದಲ್ಲೇ ದನ-ಎಮ್ಮೆಗಳಿವೆ, ಸೊಳ್ಳೆಯಂತೂ ಕೇಳುವುದೇ ಬೇಡ. ಸೆಟೇರಿಯಾ ಡಿಜಿಟಾಟಾ ಎಂಬ ಫೈಲೇರಿಯಾ ಹುಳುವಿಗೆ (ಸೊಳ್ಳೆ ಹರಡುವ, ನೂಲಿನಂಥ ಹುಳು) ಇಷ್ಟಿದ್ದರೆ ಸಾಕು.

ಈ ಹುಳುವಿನ ಸ್ವಂತ ಮನೆ ದನದ ಹೊಟ್ಟೆ. ಕರುಳಿನ ಒಳಗಲ್ಲ, ಹೊರಗೆ. ಕುಯ್ದಾಗ ಕರುಳಿನ ಮೇಲೆ ಬಿಳಿ ನೂಲಿನ ಎಳೆಯಂತೆ, ಹಲವು ಸೆಂಟಿಮೀಟರ್ ಉದ್ದ, ಮೆಲ್ಲಗೆ ಹೊರಳುತ್ತಿರುತ್ತದೆ. ದನದ ದೇಹ ಅದನ್ನು ಕಾಣದೆ ಏನಿಲ್ಲ. ಐಜಿಇ ಎಂಬ ಬಗೆಯ ಪ್ರತಿಕಾಯ ಏರುತ್ತದೆ, ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಹೆಚ್ಚುತ್ತವೆ. ಪ್ರತಿಕಾಯ ಮೆತ್ತಿಕೊಂಡ ಮರಿಹುಳುವಿಗೆ ಈ ಕಣಗಳು ಮುತ್ತಿಕೊಂಡು ವಿಷಪ್ರೋಟೀನು ಸುರಿಯುತ್ತವೆ. ಆದರೆ ಫೈಲೇರಿಯಾ ಹುಳುಗಳ ಸ್ರಾವ ದೇಹದ ರಕ್ಷಣೆಗೇ ಕಡಿವಾಣ ಹಾಕುತ್ತದೆ. ರಕ್ಷಣೆಯನ್ನು ತಗ್ಗಿಸುವ ಐಎಲ್-10 ಎಂಬ ಸಂಕೇತ ಪ್ರೋಟೀನು ಹೆಚ್ಚಿ ಉರಿಯೂತ ತಣ್ಣಗಾಗುತ್ತದೆ. ಒಂಥರಾ ರಾಜಿ. ದನ ಮೇಯುತ್ತಿರುತ್ತದೆ, ಹುಳು ರಕ್ತಕ್ಕೆ ಮರಿ ಬಿಡುತ್ತಿರುತ್ತದೆ.

ಕುರಿ-ಮೇಕೆಯಲ್ಲಿ ಈ ರಾಜಿ ಕುದುರುವುದಿಲ್ಲ. ದನದ ರಕ್ತದಿಂದ ಸೊಳ್ಳೆ ಹೊತ್ತು ತಂದು ಬಿಟ್ಟ ಮರಿಹುಳು ದಾರಿ ತಪ್ಪಿ ಬೆನ್ನುಹುರಿಗೆ ನುಗ್ಗಿ, ಹೋದಲ್ಲೆಲ್ಲ ನರವನ್ನು ಸೀಳುತ್ತದೆ. ಬೆನ್ನಟ್ಟಿ ಬಂದ ಇಯೊಸಿನೊಫಿಲ್‌ಗಳ ಉರಿಯೂತ ಮೇಲಿನ ಬರೆ. ಜ್ವರ ಇರದು, ಮೇವು ತಿನ್ನುತ್ತದೆ, ಕಣ್ಣು ಚುರುಕಾಗಿಯೇ ಇರುತ್ತದೆ. ಒಂದು ಹಿಂಗಾಲು ಮಾತ್ರ ಎಳೆಯುತ್ತದೆ. ಜೊಲ್ಲು ಸುರಿಯುತ್ತಿದ್ದರೆ, ಕೂಗು ಬದಲಾಗಿದ್ದರೆ ಬಾಯಿಗೆ ಕೈ ಹಾಕಬೇಡಿ, ರೇಬೀಸ್ ಇರಬಹುದು.

ಎಡವುವುದು ರಕ್ತಪರೀಕ್ಷೆಯಲ್ಲಿ. ಬೆನ್ನುಹುರಿಯಲ್ಲಿರುವುದು ಇನ್ನೂ ಬಲಿಯದ ಹುಳು, ಮರಿ ಹಾಕುವ ವಯಸ್ಸಲ್ಲ. ಹಾಗಾಗಿ ಕುರಿಯ ರಕ್ತದಲ್ಲಿ ಏನೂ ಸಿಗದು. 'ನೆಗೆಟಿವ್' ಎಂದು ಸುಮ್ಮನಾಗುವುದು ತಪ್ಪು. ಇಯೊಸಿನೊಫಿಲ್ ಏರಿಕೆಯೂ ಪುರಾವೆಯಲ್ಲ, ಹೊಟ್ಟೆಹುಳುವಿದ್ದರೂ ಏರುತ್ತದೆ. ಪಕ್ಕದ ದನದ ರಕ್ತ ನೋಡಿ: 1 ಮಿ.ಲೀ. ರಕ್ತಕ್ಕೆ ಶೇ. 2ರ ಫಾರ್ಮಲಿನ್ 9 ಮಿ.ಲೀ. ಬೆರೆಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ 1500 ಆರ್‌ಪಿಎಂನಲ್ಲಿ (ನಿಮಿಷಕ್ಕೆ 1500 ಸುತ್ತು) 5 ನಿಮಿಷ ತಿರುಗಿಸಿ, ತಳದ ಗಸಿಗೆ ಮೆಥಿಲೀನ್ ಬ್ಲೂ ಬಣ್ಣ ಒಂದು ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಮರಿಹುಳುವಿನ ಬಾಲದಾಚೆಗೂ ಚಾಚಿದ ತೆಳು ಪೊರೆ ಕಾಣಬೇಕು.

ಹುಳು ಕೊಲ್ಲುವ ಔಷಧ ಐವರ್‌ಮೆಕ್ಟಿನ್ ಕೆ.ಜಿ. ತೂಕಕ್ಕೆ 0.2 ಮಿ.ಗ್ರಾಂ., ಚರ್ಮದಡಿಗೆ, ಶೇ. 1ರ ಔಷಧವಾದರೆ 25 ಕೆ.ಜಿ. ಕುರಿಗೆ ಅರ್ಧ ಮಿ.ಲೀ. ಕಾಲು ಬಿದ್ದ ಮೇಲೆ ಕೊಟ್ಟರೆ ಫಲ ಕಡಿಮೆ: ಮಿದುಳು, ಬೆನ್ನುಹುರಿಯೊಳಗೆ ಈ ಔಷಧ ಸರಿಯಾಗಿ ಇಳಿಯುವುದಿಲ್ಲ, ಸೀಳಿದ ನರ ಕೂಡುವುದಿಲ್ಲ. ಉರಿಯೂತಕ್ಕೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಡುವ ಮುನ್ನ ಗಬ್ಬ ನೋಡಿಕೊಳ್ಳಿ. ತುಂಬಿದ ಗಬ್ಬವಾದರೆ ಕಂದು ಹಾಕುತ್ತದೆ.